ಹಳದಿ ಚುಕ್ಕೆ

ರತ್ನಕ್ಕ ಅವರೆಕಾಳಿನ ಉಪ್ಪಿಟ್ಟಿನ ತಟ್ಟೆಯನ್ನು ಮುಂದಿಟ್ಟು ಎದುರಿಗೆ ಕೂತಾಗ ನಂದಕುಮಾರ ತಲೆಯೆತ್ತಿ ನೋಡಿದ. ಅಕ್ಕನ ಸೆರಗು ಇತ್ತು, ಕಿವಿಯ ಓಲೆಗಳಿದ್ದವು, ಇನ್ನೂ ಬಾಚದ ತಲೆಯ ನರೆಗೂದಲಿತ್ತು. ಮುಖ ಇರಲಿಲ್ಲ. ಮುಖ ಇರಬೇಕಾದ ಕಡೆ ಒದ್ದೆ ಬೂದಿಯನ್ನು ಬೆರಳಲ್ಲಿ ಒರೆಸಿದಂಥ ಒಂದು ಕಲೆ. ಅವನು ದೃಷ್ಟಿಯನ್ನು ತಟ್ಟೆಗಿಳಿಸಿದ. ಕಲೆಯೂ ತಟ್ಟೆಗಿಳಿದು ನಡುವಿನ ಕಾಳುಗಳನ್ನೆಲ್ಲ ನುಂಗಿ ಅಂಚಿನ ಸ್ಟೀಲನ್ನು ಮಾತ್ರ ಬಿಟ್ಟುಕೊಟ್ಟಿತು. ರಾತ್ರಿ ಮಲಗುವಾಗ ಬೆಳಗಾಗುವಷ್ಟರಲ್ಲಿ ಸರಿಹೋದೀತು ಎಂದುಕೊಂಡಿದ್ದ. ಎದ್ದಾಗ ಫ್ಯಾನಿನ ರೆಕ್ಕೆಗಳು ಕಂಡು ಅವನ್ನು ಹಿಡಿದುಕೊಂಡಿರುವ ನಡುಭಾಗ ಕಾಣದಿದ್ದರೂ ಇದು ನಿದ್ದೆಯ ಮಂಪರು ಎಂದೇ ಹೇಳಿಕೊಂಡು, ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ಮುಖ ತೊಳೆದಿದ್ದ.

“ಇಂಗ್ಯಾಕ್ ನೋಡ್ತಿದ್ದೀಯ? ಉಪ್ಪು ಜಾಸ್ತಿ ಆಗೈತಾ?” ಎಂದಳು ರತ್ನಕ್ಕ.

“ಇಲ್ಲಕ್ಕ. ಸರಿಯಾಗಿದೆ.”

“ತಿನ್ನದೇನೇ ಯೋಳ್ತೀಯಲ್ಲ.”

ಉಪ್ಪಿನ ಮಾತು ಈ ಮನೆಯಲ್ಲಿ ಹಳೆಯದು. ಅವನ ಕೆಲಸವೇನೆಂದು ಕೋಗಿಲು ಊರಿನ ನೆಂಟರಿಷ್ಟರಿಗೆ ಹೇಳಿ ತಿಳಿಸಲು ಒಮ್ಮೆ, ಸೋಡಿಯಂ ಅಂದರೆ ಉಪ್ಪಿನಲ್ಲಿರುವುದೇ, ಅದು ಆಕಾಶದಲ್ಲೂ ಇದೆ ಎಂದಿದ್ದ. ಅಂದಿನಿಂದ ಅಮ್ಮ ಮುನಿಯಲ್ಲಮ್ಮ ಬೀದಿಯವರಿಗೆಲ್ಲ ‘ನಮ್ಮ ನಂದ ಆಕಾಸದಾಗಿನ ಉಪ್ಪು ಅಳೀತಾನೆ’ ಎಂದು ಹೇಳಿಕೊಂಡು ಓಡಾಡಿದ್ದಳು. ಅದೇ ಅಮ್ಮ ಕೊನೆಕೊನೆಗೆ ಸಾರಿಗೆ ಎರಡೆರಡು ಸಲ ಉಪ್ಪು ಹಾಕುತ್ತಿದ್ದಳು. ‘ಕಣ್ಣು ಎಲ್ಲಿಟ್ಟಿದ್ದೆ’ ಎಂದು ಅವನು ತಟ್ಟೆ ದೂಡಿ ಎದ್ದ ದಿನ ಅವಳು ನಕ್ಕು, ‘ಕಣ್ಣು ಸಂದಾಗೈತೆ ಬುಡಪ್ಪಾ, ಗ್ಯಾನ ಎಲ್ಲೋ ಇತ್ತು’ ಎಂದಿದ್ದಳು. ಅಡುಗೆಮನೆಯಿಂದ ಬಚ್ಚಲಿಗೆ ಹೋಗುವಾಗ ಗೋಡೆಯನ್ನು ಅಂಗೈಯಲ್ಲಿ ಸವರಿಕೊಂಡು ಹೋಗುತ್ತಿದ್ದಳು. ಅವಳ ಕೈಯೆತ್ತರಕ್ಕೆ ಸುಣ್ಣದ ಮೇಲೆ ಎಣ್ಣೆಜಿಡ್ಡಿನ ಒಂದು ದಾರಿಯೇ ಆಗಿತ್ತು. ಆ ದಾರಿಯನ್ನು ಅವನು ನೋಡಿರಲಿಲ್ಲವೆಂದಲ್ಲ. ನೋಡಿದ್ದ, ಗೋಡೆ ಗಲೀಜಾಗಿದೆ ಎಂದುಕೊಂಡಿದ್ದ. ಕಣ್ಣಿನ ಪೊರೆ ಹಣ್ಣಾಗಿ ಕಲ್ಲಾದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದಾಗ ಡಾಕ್ಟರು, ‘ಇಷ್ಟು ದಿನ ಮನೇಲಿ ಯಾರೂ ಗಮನಿಸ್ಲಿಲ್ವಾ?’ ಎಂದು ಕೇಳಿದ್ದರು. ಆ ವರ್ಷವೇ ಅವನು ತೊಂಬತ್ತು ಕಿಲೋಮೀಟರ್ ಎತ್ತರದಲ್ಲಿ ಬೆರಳೆಣಿಕೆಯ ನಿಮಿಷ ಕಾಣಿಸಿಕೊಂಡು ಮಾಯವಾದ ಒಂದು ತೆಳುಪದರವನ್ನು ಹಿಡಿದಿದ್ದ, ಮೆಚ್ಚುಗೆಯೂ ಬಂದಿತ್ತು. ಈಗ ಅವನು ಬಲಗಣ್ಣನ್ನು ಅಂಗೈಯಲ್ಲಿ ಮುಚ್ಚಿ ಎಡಗಣ್ಣಿನಿಂದ ಅಕ್ಕನನ್ನು ಹುಡುಕಿದ. ಎಡಗಣ್ಣು ಹುಟ್ಟಿದಾಗಿನಿಂದ ಸೋಮಾರಿ. ಯಲಹಂಕದ ಶಾಲೆಯಲ್ಲಿ ಮೆಳ್ಳಗಣ್ಣ ಎಂದು ಕರೆಸಿಕೊಂಡದ್ದು ಅದರಿಂದಲೇ. ಆ ಕಣ್ಣಿನೊಳಗೆ ಅಕ್ಕ ಮಂಜಿನಲ್ಲಿ ನಿಂತ ಸೌತೆಬಳ್ಳಿಯ ಚಪ್ಪರದಂತೆ ಅಲುಗಿದಳು. ಇಷ್ಟು ವರ್ಷ ಓದಿದ್ದು, ಬರೆದದ್ದು, ದಾರಿ ದಾಟಿದ್ದು ಎಲ್ಲ ಆ ಒಂದು ಬಲಗಣ್ಣಿನಿಂದ ಎಂಬುದು ಸಂಸ್ಥೆಯಲ್ಲಿ ಯಾರಿಗೂ ಗೊತ್ತಿಲ್ಲ.

“ತಲೆ ನೋಯ್ತೈತಾ?”

“ಸ್ವಲ್ಪ. ಮೀಟಿಂಗ್ ಇದೆ, ಬೇಗ ಹೋಗ್ಬೇಕು,” ಎಂದು ಎದ್ದ. ಮೆಟ್ಟಿಲಿಳಿಯುವಾಗ ತನ್ನ ಅಂಗೈ ಗೋಡೆಯ ಮೇಲಿರುವುದನ್ನು ಕಂಡು ಕೈ ಕಿತ್ತುಕೊಂಡ.

ಹಿಂದಿನ ಸಂಜೆ ಆದದ್ದು ಇಷ್ಟು. ಬಾಗಲೂರಿನ ಆಚೆಯ ದಿಣ್ಣೆಯ ಮೇಲಿರುವ ಸಂಸ್ಥೆಯಲ್ಲಿ ಅವನದೊಂದು ಲೈಡಾರ್ ಇದೆ. ಹಳೆಯ ಬೀದಿದೀಪದ ಹಳದಿಯನ್ನೇ ಹೋಲುವ ಲೇಸರ್ ಬೆಳಕನ್ನು ನೆಟ್ಟಗೆ ಆಕಾಶಕ್ಕೆ ಬಿಟ್ಟು, ಹಿಂದಿರುಗಿದ ಅಷ್ಟಿಷ್ಟನ್ನು ದೂರದರ್ಶಕದಲ್ಲಿ ಹಿಡಿದು ಎಣಿಸುವ ಯಂತ್ರ. ಉಲ್ಕೆಗಳ ಧೂಳು ಮೇಲೆ ಉರಿದು ಅದರ ಸೋಡಿಯಂ, ಕಬ್ಬಿಣ, ಪೊಟ್ಯಾಸಿಯಂ ಪರಮಾಣುಗಳು ಮೋಡಗಳಿಗಿಂತ, ವಿಮಾನಗಳಿಗಿಂತ ಎಷ್ಟೋ ಮೇಲೆ ತೆಳ್ಳನೆಯ ಪದರಗಳಾಗಿ ನಿಂತಿರುತ್ತವೆ. ಆ ಹಳದಿ ಬೆಳಕಿಗೆ ಸೋಡಿಯಂ ಒಂದೇ ಓಗೊಡುತ್ತದೆ. ಲೆಕ್ಕವಿಲ್ಲದಷ್ಟು ಕಳಿಸಿದರೆ ಒಂದೋ ಎರಡೋ ಮರಳುತ್ತವೆ, ಅಷ್ಟರಿಂದಲೇ ಅಲ್ಲಿ ಏನಿದೆ, ಗಾಳಿ ಎತ್ತ ಬೀಸುತ್ತಿದೆ ಎಂದು ಹೇಳಬೇಕು. ಬೆಳಕನ್ನು ಹಾದಿಗೆ ತರಲು ಮೇಜಿನ ಮೇಲೆ ಕನ್ನಡಿ, ಮಸೂರಗಳನ್ನು ಕೂದಲೆಳೆಯಷ್ಟು ಅತ್ತಿತ್ತ ತಿರುಗಿಸಬೇಕು. ಕಣ್ಣಿಗೆ ರಕ್ಷಣೆಯ ಗಾಗಲ್ಸ್ ಇದೆ. ಹಾಕಿಕೊಂಡರೆ ಆ ಹಳದಿ ಕಾಣುವುದೇ ಇಲ್ಲ. ‘ಕಾಣದ್ದನ್ನ ಹೇಗೆ ಸರಿ ಮಾಡ್ತೀಯ?’ ಎಂದು ನಗುತ್ತ ತನ್ನ ವಿದ್ಯಾರ್ಥಿನಿ ಶರ್ವಾಣಿಗೆ ಮೊದಲ ವರ್ಷವೇ ಹೇಳಿ, ಗಾಗಲ್ಸನ್ನು ಹಣೆಗೇರಿಸುವುದನ್ನು ಅವನೇ ಕಲಿಸಿದ್ದ. ಬಾಗಿಲು ತೆರೆದರೆ ಲೇಸರ್ ತಾನಾಗಿ ನಿಲ್ಲುವ ಏರ್ಪಾಡನ್ನೂ, ಮತ್ತೆ ಹೊತ್ತಿಸಿ ಹದಕ್ಕೆ ತರುವ ರಗಳೆ ಬೇಡವೆಂದು, ಅವನೇ ತಪ್ಪಿಸಿಟ್ಟಿದ್ದ. ನಿನ್ನೆ ಹೊಸ ಮಸೂರವೊಂದನ್ನು ಕೂರಿಸಿ ಬಗ್ಗಿ ನೋಡುವಾಗ ಎಲ್ಲಿಂದಲೋ ಒಂದೇ ಒಂದು ಮಿಂಚು ಓರೆಯಾಗಿ ಮೇಲೆದ್ದು ಬಂತು. ತಲೆಯೊಳಗೆ ಕಡಲೆಕಾಯಿಯ ಸಿಪ್ಪೆ ಒಡೆದಂಥ ಸದ್ದು. ಆಮೇಲೆ ಹಳದಿ, ನೇರಳೆ, ಆಮೇಲೆ ಈ ಬೂದಿ. ಪಕ್ಕದ ಕೋಣೆಯಿಂದ ಕಿತ್ತಲೆಯ ವಾಸನೆಯೊಂದಿಗೆ ಶರ್ವಾಣಿಯ ದನಿ ಬಂತು, “ಸರ್, ಬೀಮ್ ಬಂತಾ?”

“ಬಂತು,” ಎಂದಿದ್ದ. ಲೇಸರ್ ಆರಿಸಿ, ತಲೆನೋವೆಂದು ಹೇಳಿ, ಅವಳ ಮುಖ ನೋಡದೆ ಹೊರಟುಬಂದಿದ್ದ.

ಹೇಳಬಹುದಿತ್ತು. ಹೇಳಿದ್ದರೆ ಸುರಕ್ಷತೆಯ ಹೊಣೆ ಹೊತ್ತ ಸುಬ್ರಹ್ಮಣ್ಯ ಬಂದು ಬೀಗ ಹಾಕುತ್ತಿದ್ದ. ತನಿಖೆ, ಸಮಿತಿ, ವಿಮಾನ ನಿಲ್ದಾಣದವರಿಂದ ಹರಸಾಹಸಪಟ್ಟು ತಂದ ಅನುಮತಿಯ ಮರುಪರಿಶೀಲನೆ. ಇದೇ ವಾರ ಮಿಥುನ ರಾಶಿಯ ದಿಕ್ಕಿನಿಂದ ಉಲ್ಕೆಗಳು ಸುರಿಯುವ ದಿನಗಳು. ಆ ಧೂಳು ಬಿದ್ದಾಗ ಪದರ ಹೇಗೆ ಬದಲಾಗುತ್ತದೆ ಎಂಬುದೇ ಶರ್ವಾಣಿಯ ಪ್ರಬಂಧ. ಹಿಂದಿನ ಎರಡು ಡಿಸೆಂಬರ್‌ಗಳನ್ನು ಮೋಡ ನುಂಗಿತ್ತು. ಅವಳಿಗೋಸ್ಕರವೇ ಸುಮ್ಮನಿದ್ದೇನೆ ಎಂದು ಹೆಬ್ಬಾಳದ ಕಣ್ಣಾಸ್ಪತ್ರೆಗೆ ಹೊರಟ ಆಟೋದಲ್ಲಿ ಕೂತು ಅವನು ತನಗೆ ತಾನೇ ವಿವರಿಸಿಕೊಂಡ. ಜಕ್ಕೂರಿನ ಹತ್ತಿರ ತರಬೇತಿಯ ಸಣ್ಣ ವಿಮಾನವೊಂದು ಕೆಳಗೆ ಹಾರಿ ಬಂದು ಅವನ ಕಲೆಯೊಳಗೆ ಹೊಕ್ಕು ಮತ್ತೊಂದು ಬದಿಯಿಂದ ಹೊರಬಂತು. ವಿವರಣೆ ಸರಿಯಾಗಿಯೇ ಇತ್ತು, ಆದರೆ ತೀರ ಸರಾಗವಾಗಿತ್ತು. ಅದರ ಅಡಿಯಲ್ಲಿ ಇನ್ನೊಂದಿತ್ತು: ಸಮಿತಿಯ ಮೇಜಿನ ಸುತ್ತ ಕೂತವರು ತನ್ನ ಎರಡು ಕಣ್ಣುಗಳನ್ನೂ ಒಂದೊಂದಾಗಿ ನೋಡಿ, ‘ಎಡಗಣ್ಣೂ ಇಲ್ವಾ?’ ಎಂದು ಕೇಳುವ ದೃಶ್ಯ. ಮಧ್ಯಾಹ್ನದೊಳಗೆ ಸಂಸ್ಥೆಗೆ ಹೋಗಿ, ಆ ಓರೆಮಿಂಚು ಎಲ್ಲಿಂದ ಏಳುತ್ತದೆಂದು ಹುಡುಕಿ, ಅದಕ್ಕೊಂದು ಕಪ್ಪು ರಟ್ಟು ಅಡ್ಡವಿಟ್ಟುಬಿಟ್ಟರೆ ಯಾರಿಗೂ ಏನೂ ಆಗುವುದಿಲ್ಲ. ತನಗೆ ಆದದ್ದು ತನ್ನೊಳಗೇ ಇರುತ್ತದೆ.

ಕಣ್ಣಾಸ್ಪತ್ರೆಯಲ್ಲಿ ಕಾಯುವವರ ಸಾಲುಸಾಲು ಕುರ್ಚಿ. ಎಲ್ಲರ ಪಕ್ಕವೂ ಯಾರೋ ಒಬ್ಬರು. ಒಬ್ಬ ಮುದುಕನ ಗಲ್ಲ ಹಿಡಿದೆತ್ತಿ ಅವನ ಮಗಳು ಇಳಿದ ಡ್ರಾಪ್ಸನ್ನು ಸೆರಗಿನಲ್ಲಿ ಒರೆಸುತ್ತಿದ್ದಳು. ನರ್ಸ್ ಬಂದು, “ನಿಮ್ ಜೊತೆ ಯಾರ್ ಬಂದಿದ್ದಾರೆ?” ಎಂದಾಗ ನಂದಕುಮಾರ, “ಹೊರಗಡೆ ಗಾಡಿ ನಿಲ್ಲಿಸ್ತಿದ್ದಾರೆ,” ಎಂದ. ಯಾರು ಎಂದು ಅವಳು ಕೇಳಲಿಲ್ಲ. ಆದರೂ ಅವನು ಮನಸ್ಸಿನೊಳಗೆ ಉತ್ತರ ಸಿದ್ಧಮಾಡಿಟ್ಟುಕೊಂಡ. ತಮ್ಮ ಎನ್ನಬೇಕು. ಇಲ್ಲದ ಆ ತಮ್ಮನಿಗೆ ಒಂದು ಕಾರು, ಪಾರ್ಕಿಂಗ್ ಸಿಗದ ಸಿಡುಕು, ಹೆಂಡತಿಯ ಫೋನು ಎಲ್ಲವನ್ನೂ ಕೊಡುತ್ತ ಕೂತಿದ್ದಾಗ ಜೇಬಿನಲ್ಲಿ ಮೊಬೈಲು ನಡುಗಿತು. ಪರದೆಯ ಮೇಲೆ ಹಸಿರಿನ ಅಂಚು, ಶರ್ವಾಣಿಯ ಪುಟ್ಟ ಗುಂಡು ಚಿತ್ರ. ಚಿತ್ರದಾಚೆ ಅಕ್ಷರಗಳೆಲ್ಲ ಇರುವೆಸಾಲಿನಂತೆ ಬಂದು ಕಲೆಯೊಳಗೆ ಬಿದ್ದು ಹೋಗುತ್ತಿದ್ದವು. ಪರದೆಯನ್ನು ಓರೆ ಹಿಡಿದ, ದೂರ ಹಿಡಿದ. ಡ್ರಾಪ್ಸ್ ಹಾಕಿದ್ದರಿಂದ ಅಂಚುಗಳೂ ಕರಗತೊಡಗಿದ್ದವು. ಪಕ್ಕದ ಹೆಂಗಸು ತನ್ನನ್ನೇ ನೋಡುತ್ತಿದ್ದಾಳೆ ಅನ್ನಿಸಿತು. ‘ಸ್ವಲ್ಪ ಓದಿ ಹೇಳ್ತೀರಾಮ್ಮ’ ಎಂದರೆ ಮುಗಿಯುತ್ತಿತ್ತು. ದಿನವೂ ಬೆಳಿಗ್ಗೆ ಅವಳು ಮೋಡದ ಸುದ್ದಿ ಕಳಿಸುತ್ತಾಳೆ, ಇದೂ ಅದೇ, ಆಕಾಶ ಸ್ವಚ್ಛವಾಗಿದೆ ಎಂದಿರಬೇಕು. ಬೆರಳು ಅಭ್ಯಾಸಬಲದಿಂದ ಸಂದೇಶವನ್ನು ಒತ್ತಿ ಹಿಡಿದು, ಇಮೋಜಿ ಸಾಲಿನ ಮೊದಲಲ್ಲೇ ಇರುವ ಎತ್ತಿದ ಹೆಬ್ಬೆರಳನ್ನು ಮುಟ್ಟಿತು. ಮೊಬೈಲನ್ನು ಜೇಬಿಗಿಳಿಸಿ, ಗಾಡಿ ನಿಲ್ಲಿಸಲು ಹೋದವನ ದಾರಿ ಕಾಯುವವನಂತೆ ಬಾಗಿಲಿನತ್ತ ಮುಖ ಮಾಡಿ ಕೂತ.

ಡಾಕ್ಟರು ವಯಸ್ಸಿನಲ್ಲಿ ಶರ್ವಾಣಿಗಿಂತ ಸ್ವಲ್ಪ ದೊಡ್ಡವಳಿರಬಹುದು. ಗಲ್ಲವನ್ನು ಯಂತ್ರದ ಮೇಲಿಡಿಸಿ ಬಲಗಣ್ಣಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದಳು. ಇಷ್ಟು ಹತ್ತಿರದಿಂದ ಯಾರೂ ತನ್ನನ್ನು ನೋಡಿ ಎಷ್ಟೋ ಕಾಲವಾಯಿತಲ್ಲ ಎಂಬ ಅಸಂಬದ್ಧ ಯೋಚನೆ ಬಂದು ಅವನಿಗೆ ಮುಜುಗರವಾಯಿತು. ಅವಳ ಉಸಿರಿನಲ್ಲಿ ಏಲಕ್ಕಿಯಿತ್ತು.

“ಕಣ್ಣಿನ ಹಿಂದೆ ಹಳದಿ ಚುಕ್ಕೆ ಅಂತ ಒಂದು ಜಾಗ ಇರುತ್ತೆ ಸರ್. ಓದೋದು, ಮುಖ ಗುರುತು ಹಿಡಿಯೋದು ಎಲ್ಲಾ ಅದರಿಂದಲೇ. ನಿಮಗೆ ಕರೆಕ್ಟಾಗಿ ಅಲ್ಲೇ ಸುಟ್ಟಿದೆ. ರಕ್ತಾನೂ ಇದೆ. ಏನ್ ನೋಡಿದ್ರಿ? ವೆಲ್ಡಿಂಗಾ?”

“ಸೂರ್ಯನ್ನ,” ಎಂದ.

“ಸೂರ್ಯನ್ನ ಯಾಕೆ ನೋಡಿದ್ರಿ?”

“ಸುಮ್ನೆ.”

“ಏನ್ ಕೆಲಸ ಮಾಡ್ತೀರಿ?”

“ಮೇಷ್ಟ್ರು.”

“ಮಕ್ಕಳಿಗೆ ಹೇಳ್ಕೊಡೋ ನೀವೇ ಹಿಂಗ್ ಮಾಡಿದ್ರೆ ಹೆಂಗೆ ಸರ್?” ಎಂದು ಅವಳು ಬೇಸರದಿಂದ ಬರೆಯತೊಡಗಿದಳು. ಲೇಖನಿಯ ಸದ್ದು ಕೇಳಿಸಿತು. “ಇನ್ನೊಂದು ಕಣ್ಣು ಮೊದ್ಲಿಂದಾನೂ ವೀಕ್. ಅಂದ್ರೆ ನಿಮಗಿದ್ದದ್ದು ಇದೊಂದೇ. ರಕ್ತ ಕರಗಿದ್ರೆ ಸ್ವಲ್ಪ ಸುಧಾರಿಸ್ಬಹುದು, ಪೂರ್ತಿ ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಅಟೆಂಡರ್ನ ಒಳಗೆ ಕರೀರಿ, ಅವರಿಗೂ ಹೇಳ್ಬೇಕು.”

“ಅವರು ಹೊರಟ್ಹೋದ್ರು,” ಎಂದ. ಸುಳ್ಳಿನ ತಮ್ಮನೂ ಇಷ್ಟು ಬೇಗ ಕೈಬಿಟ್ಟದ್ದಕ್ಕೆ ಒಳಗೊಳಗೇ ಏನೋ ಕುಸಿಯಿತು.

ಹೊರಗೆ ಬಿಸಿಲು ಸೂಜಿಯಾಗಿ ಚುಚ್ಚಿತು. ಸರ್ವಿಸ್ ರಸ್ತೆಯಲ್ಲಿ ಒಂದು ಆಟೋ ತಾನಾಗಿ ಬಂದು ಪಕ್ಕಕ್ಕೆ ನಿಂತಿತು. ಬಾಗಲೂರಿನಾಚೆ ಎಂದಾಗ ಚಾಲಕ ಕೊಂಚ ಗೊಣಗಿ ಹತ್ತಿಸಿಕೊಂಡ. ತನ್ನ ಹೆಸರು ಸುಫಿಯಾನ್, ಆರ್.ಟಿ. ನಗರದವನು, ಆ ಕಡೆ ಹೋದರೆ ವಾಪಸ್ ಬರುವಾಗ ಯಾರೂ ಸಿಗುವುದಿಲ್ಲ ಎಂದ. ಮತ್ತೆ ಮೊಬೈಲು ನಡುಗಿತು. ಶರ್ವಾಣಿಯೇ ಇರಬೇಕು. ಒಂದೇ ದಿನ ಎರಡು ಸಲ ಅವಳು ಕಳಿಸುವವಳಲ್ಲ. ಅವನು ಗಂಟಲು ಸರಿಮಾಡಿಕೊಂಡು, “ಗುರು, ಕಣ್ಣಿಗೆ ಡ್ರಾಪ್ಸ್ ಹಾಕಿದ್ದಾರೆ, ಇದನ್ನ ಸ್ವಲ್ಪ ಓದ್ತೀಯಾ?” ಎಂದು ಸಿಗ್ನಲ್ಲಿನಲ್ಲಿ ಮೊಬೈಲನ್ನು ಮುಂದಕ್ಕೆ ಚಾಚಿದ.

“ಇಂಗ್ಲಿಷಲ್ಲಿ ಟೈಪ್ ಮಾಡಿರೋ ಕನ್ನಡ ಸರ್, ಓದ್ತೀನಿ. ಈಗ ಬಂದಿರೋದು... ‘ಸರ್ ಥ್ಯಾಂಕ್ಸ್, ಲೇಸರ್ ಆನ್ ಮಾಡಿದ್ದೀನಿ, ಶುರು ಮಾಡ್ತೀನಿ.’ ಅದರ ಮೇಲ್ಗಡೆ ಬೆಳಗಿಂದು. ‘ಸರ್, ಆಕಾಶ ಕ್ಲಿಯರ್ ಇದೆ. ನೀವು ನಿನ್ನೆ ಹಾಕಿದ ಲೆನ್ಸ್ ಅಲೈನ್‌ಮೆಂಟ್ ನಾನೇ ಮುಗಿಸ್ಲಾ? ನೀವು ಮಾಡೋ ಥರಾನೇ ಮಾಡ್ತೀನಿ. ಓಕೆನಾ?’ ಅದಕ್ಕೆ ನೀವು ಥಂಬ್ಸ್ ಅಪ್ ಕೊಟ್ಟಿದ್ದೀರಲ್ಲ ಸರ್.”

ನೀವು ಮಾಡೋ ಥರಾನೇ. ನಂದಕುಮಾರನಿಗೆ ಅವಳ ಹಣೆಯ ಮೇಲೇರಿದ ಗಾಗಲ್ಸ್ ಕಂಡಿತು, ಮಸೂರದ ಮೇಲೆ ಬಗ್ಗಿದ ಕುತ್ತಿಗೆ ಕಂಡಿತು, ಅದೂ ಈ ದಿನ ಬೇರೇನೂ ಕಾಣದಷ್ಟು ಸ್ಪಷ್ಟವಾಗಿ. ಅವಳಿಗೆ ಫೋನ್ ಮಾಡಿಸಿದ. ಲೇಸರ್ ಕೋಣೆಗೆ ಹೋಗುವಾಗ ಅವಳು ಮೊಬೈಲನ್ನು ಹೊರಗೆ ಬ್ಯಾಗಿನಲ್ಲಿ ಬಿಡುತ್ತಾಳೆ, ರಿಂಗಾಗುತ್ತಲೇ ಇತ್ತು. ಸಂಸ್ಥೆಯ ಕಚೇರಿಗೋ, ಸುಬ್ರಹ್ಮಣ್ಯನಿಗೋ ಮಾಡಿಸಬಹುದು. ಮಾಡಿದರೆ ಕಾರಣ ಹೇಳಬೇಕು. ಆಟೋ ಕೊಡಿಗೇಹಳ್ಳಿ ಗೇಟು ದಾಟುವ ತನಕ ಅವನು ಹಾಗೆ ಲೆಕ್ಕ ಹಾಕಿದ, ಆ ಲೆಕ್ಕ ಹಾಕಿದ್ದನ್ನು ಮುಂದೆ ಎಂದೂ ಮರೆಯಲಾರ. ಬ್ಯಾಟರಾಯನಪುರದ ಹತ್ತಿರ, “ಸುಬ್ರಹ್ಮಣ್ಯ ಅಂತ ಇರುತ್ತೆ ನೋಡು, ಅದಕ್ಕೆ ಹಚ್ಚು,” ಎಂದ. ಆ ನಂಬರು ಬ್ಯುಸಿ. ಮತ್ತೆ ಬ್ಯುಸಿ. ಕೋಗಿಲು ಕ್ರಾಸಿನಲ್ಲಿ ತಿರುಗಿ, ಕಟ್ಟಿಗೇನಹಳ್ಳಿಯ ಕಲ್ಲುಚಪ್ಪಡಿ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಾಗ ಸುಫಿಯಾನ್ ಕನ್ನಡಿಯಲ್ಲಿ ಇವನನ್ನು ನೋಡಿ, “ಯಾರಿಗಾದ್ರೂ ಹುಷಾರಿಲ್ವಾ ಸರ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಹಾರ್ನ್ ಒತ್ತಿ ಹಿಡಿದು ರಸ್ತೆಯ ಮಣ್ಣಿನಂಚಿಗೆ ಆಟೋ ಇಳಿಸಿದ.

ಲೇಸರ್ ಕೋಣೆಯ ಬಾಗಿಲಿನ ಮೇಲೆ ಕೆಂಪು ದೀಪ ಉರಿಯುತ್ತಿತ್ತು. ಒಳಗಿನಿಂದ ಚಿಲಕ. ಬಾಗಿಲು ಬಡಿದರೆ ಅವಳು ತಲೆಯೆತ್ತಿ ತಿರುಗುತ್ತಾಳೆ, ತಲೆಯೆತ್ತಿದಾಗಲೇ ಆ ಓರೆಮಿಂಚು ಸಿಕ್ಕರೆ? ಎತ್ತಿದ ಮುಷ್ಟಿ ಹಾಗೆಯೇ ನಿಂತಿತು. ಕಾರಿಡಾರಿನ ಕೊನೆಯ ಮೇನ್ ಸ್ವಿಚ್ಚಿನ ಪೆಟ್ಟಿಗೆಗೆ ಓಡಿದ. ಯಾವುದು ಯಾವುದೆಂದು ಬರೆದ ಚೀಟಿಗಳು ಕಾಣಲಿಲ್ಲ. ಎರಡು ಕೈಯಲ್ಲೂ ಸಿಕ್ಕಿದ್ದನ್ನೆಲ್ಲ ಕೆಳಗೆಳೆದ. ಇಡೀ ಮಹಡಿಯ ಗುಂಯ್ ಎಂಬ ಸದ್ದು ನಿಂತು, ದೂರದಲ್ಲಿ ಯಾರೋ ಬೈದರು. ಚಿಲಕ ತೆಗೆದುಕೊಂಡು ಶರ್ವಾಣಿ ಹೊರಗೆ ಬಂದಳು.

“ಯಾರ್ರೀ ಅದು ಪವರ್ ತೆಗ್ದಿದ್ದು? ಲೇಸರ್ ಆನ್ ಇದೆ ಒಳಗೆ!” ಎಂದವಳು ಇವನನ್ನು ಕಂಡು ತಡೆದಳು. “ಸರ್? ನೀವಾ?”

“ಗಾಗಲ್ಸ್ ಎಲ್ಲಿ?”

ಅವಳ ಕೈ ಹಣೆಯತ್ತ ಹೋದದ್ದು ಅವನಿಗೆ ಕಲೆಯ ಅಂಚಿನಲ್ಲಿ ಕಂಡಿತು.

“ಏನಾದ್ರೂ ಫ್ಲ್ಯಾಶ್ ಬಂತಾ? ಕಣ್ಣಿಗೆ?”

“ಇಲ್ಲ ಸರ್. ಯಾಕೆ?”

“ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡು. ಆಮೇಲೆ ಇದನ್ನ ಮುಚ್ಚಿ ಅದರಲ್ಲಿ ನೋಡು. ಗೋಡೆ ಮೇಲಿನ ಅಕ್ಷರ ಓದು.”

ಅವಳು ಮುಚ್ಚಿ ನೋಡಿದಳು. ಓದಿದಳು. ಅವಳ ದನಿ ಓದುತ್ತ ಓದುತ್ತ ಸಣ್ಣದಾಯಿತು. ಏನೋ ಅರ್ಥವಾಗುತ್ತಿತ್ತು ಅವಳಿಗೆ. ಆಗ ಅವನು ಹೇಳಿದ: ಮಸೂರ, ಓರೆಮಿಂಚು, ಸದ್ದು, ಆಸ್ಪತ್ರೆ. ಹೇಳುವಾಗ ಕಾರಿಡಾರಿನಲ್ಲಿ ಅರೆಗತ್ತಲಿದ್ದದ್ದೇ ಅನುಕೂಲವಾಯಿತು.

“ನಿನ್ನೆ ಸಂಜೆನಾ?” ಎಂದಳು. “ನಾನು ಬೀಮ್ ಬಂತಾ ಅಂತ ಕೇಳ್ದಾಗ?”

“ಹೂಂ.”

“ಬೆಳಿಗ್ಗೆ ಫೋನ್ ಮಾಡ್ಬಹುದಿತ್ತಲ್ಲ ಸರ್. ಒಂದೇ ಒಂದು ಫೋನು. ನಾನು ಕೇಳ್ದೆ. ನೀವು ಓಕೆ ಅಂದ್ರಿ.”

“ಓದಕ್ಕಾಗ್ಲಿಲ್ಲ.”

“ಓದದೇನೇ ಓಕೆ ಅಂದ್ರಾ?”

ನಿನ್ನ ಡಿಸೆಂಬರ್ ಹಾಳಾಗಬಾರದು ಅಂತ ಎಂದು ಹೇಳಲು ಬಾಯಿ ತೆರೆದ. ಅದು ಅವಳಿಗೆ ಕೊಡುವ ಉಡುಗೊರೆಯಂತೆ ಇಡೀ ದಿನ ಅವನೊಳಗೆ ಜೋಪಾನವಾಗಿತ್ತು. ಬಾಯಿಯವರೆಗೆ ಬಂದಾಗ ಹಳಸಿದ ವಾಸನೆ ಬಂತು. ಬಾಯಿ ಮುಚ್ಚಿದ. ಅವಳು ಬ್ಯಾಗಿನಿಂದ ಮೊಬೈಲು ತೆಗೆದು, ಅವನ ಎದುರಿಗೇ ಸುಬ್ರಹ್ಮಣ್ಯನಿಗೆ ಫೋನ್ ಹಚ್ಚಿ, “ಸರ್, ಲೈಡಾರ್ ರೂಮಲ್ಲಿ ಆಕ್ಸಿಡೆಂಟ್ ಆಗಿದೆ. ನನಗಲ್ಲ, ನಂದಕುಮಾರ್ ಸರ್‌ಗೆ. ಈಗಲೇ ಬನ್ನಿ,” ಎಂದಳು. ಆ ದನಿಯಲ್ಲಿ ನಡುಕವಿರಲಿಲ್ಲ. ಫೋನಿಟ್ಟ ಮೇಲೆ ಮಾತ್ರ ಗೋಡೆಗೊರಗಿ ನೆಲದ ಮೇಲೆ ಕೂತುಬಿಟ್ಟಳು.

ಸುಬ್ರಹ್ಮಣ್ಯ ಬಂದ. ಬಯ್ಯುತ್ತಾನೆಂದುಕೊಂಡರೆ ಬಯ್ಯಲಿಲ್ಲ. “ಯಾಕ್ರೀ ನಂದಕುಮಾರ್,” ಎಂದಷ್ಟೇ ಹೇಳಿ, ಟಾರ್ಚ್ ಹಿಡಿದು ಒಳಗೆ ಹೋಗಿ, ತಪ್ಪಿಸಿಟ್ಟಿದ್ದ ಬಾಗಿಲಿನ ತಂತಿಯನ್ನು ನೋಡಿ, ಹೊರಬಂದು, ಬಾಗಿಲಿಗೆ ಬೀಗ ಹಾಕಿ ಕೆಂಪು ಬಿಳಿ ಪಟ್ಟಿ ಅಂಟಿಸಿದ. ಹಲ್ಲಿನಲ್ಲಿ ಪಟ್ಟಿ ಹರಿಯುವ ಸದ್ದು ಕಾರಿಡಾರಿನ ಉದ್ದಕ್ಕೂ ಕೇಳಿಸಿತು. ಆಮೇಲೆ ಸಂಸ್ಥೆಯ ಕಾರಿನಲ್ಲಿ ಇಬ್ಬರನ್ನೂ ಅದೇ ಆಸ್ಪತ್ರೆಗೆ ಕಳಿಸಿದ. ಶರ್ವಾಣಿ ಮುಂದಿನ ಸೀಟಿನಲ್ಲಿ ಕೂತಳು. ಐದು ವರ್ಷ ಅವಳಿಗೆ ಪದರದ ಸಾಂದ್ರತೆ, ಗಾಳಿಯ ಅಲೆ, ಉಲ್ಕೆಯ ಧೂಳಿನ ಬಗ್ಗೆ ಅವನು ಮಾತಾಡಿದ್ದ. ಅವಳ ಮನೆ ಗಂಗಾನಗರದಲ್ಲಿದೆ ಎಂಬುದು ಬಿಟ್ಟು ಅವಳ ಬಗ್ಗೆ ಏನೂ ಗೊತ್ತಿಲ್ಲವೆಂದು ಹಿಂದಿನ ಸೀಟಿನಲ್ಲಿ ಅವಳ ಜಡೆಯ ಕೊನೆ ನೋಡುತ್ತ ಹೊಳೆಯಿತು. ಈಗ ಕೇಳಲು ತನಗೆ ಯಾವ ಹಕ್ಕೂ ಇಲ್ಲ.

ಡಾಕ್ಟರು ಅವಳನ್ನು ಮೊದಲು ನೋಡಿದಳು. “ನಿಮಗೇನಾಯ್ತು?” ಎಂದು ಕೇಳಿದಾಗ ಶರ್ವಾಣಿ, “ಲೇಸರ್ ಎಕ್ಸ್‌ಪೋಷರ್ ಆಗಿರ್ಬಹುದು ಅಂತ ಡೌಟು. ಸರ್‌ಗೆ ಆಗಿದೆ, ನಿನ್ನೆ, ಅದೇ ಲೇಸರಲ್ಲಿ,” ಎಂದು ಪಕ್ಕಕ್ಕೆ ಕೈ ತೋರಿಸಿದಳು. ಡಾಕ್ಟರು ತಿರುಗಿದ್ದು ಅವನಿಗೆ ತಿಳಿಯಿತು. ಮುಖ ಕಾಣದಿದ್ದರೂ ಆ ಮುಖದ ಮೇಲೆ ಏನಿದೆಯೆಂದು ತಿಳಿಯಿತು. ಅವಳು ಬೆಳಗಿನ ಹಾಳೆಯನ್ನು ತರಿಸಿ, ಒಂದು ಪದ ಹೊಡೆದುಹಾಕಿ, ಮೇಲೆ ಇನ್ನೊಂದು ಬರೆದಳು. ಬಯ್ದಿದ್ದರೆ ಒಳ್ಳೆಯದಿತ್ತು. ಶರ್ವಾಣಿಯ ಎರಡು ಕಣ್ಣನ್ನೂ ಬೆಳಕು ಬಿಟ್ಟು ನೋಡಿ, ಚಿತ್ರ ತೆಗೆಸಿ, ಮತ್ತೆ ನೋಡಿ, “ಏನಿಲ್ಲಮ್ಮ. ಎರಡೂ ಕ್ಲೀನಾಗಿದೆ,” ಎಂದಾಗ ಆ ಹುಡುಗಿ ಬಿಟ್ಟ ಉಸಿರು ಕೋಣೆಯೆಲ್ಲ ತುಂಬಿತು. ನಂದಕುಮಾರ ಕುರ್ಚಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು, ಯಾರಿಗೂ ಕೇಳಿಸದ ಹಾಗೆ, ಅಳತೊಡಗಿದ. ಡ್ರಾಪ್ಸ್ ಎಂದುಕೊಂಡರು.

ಹೊರಗೆ ದೀಪ ಹತ್ತಿತ್ತು. ಸಂಸ್ಥೆಯ ಕಾರು ಬೇರೆ ಯಾರನ್ನೋ ಕರೆತರಲು ಹೊರಟುಹೋಗಿತ್ತು. ಶರ್ವಾಣಿ ತಂದೆಗೆ ಫೋನ್ ಮಾಡಿ, ಬಾಗಿಲ ಬಳಿ ಅಂಗೈಯನ್ನು ಹುಬ್ಬಿಗೆ ಅಡ್ಡ ಹಿಡಿದು ನಿಂತಳು. ಡ್ರಾಪ್ಸ್‌ನಿಂದ ಅಗಲವಾದ ಪಾಪೆಗೆ ವಾಹನಗಳ ಬೆಳಕು ತಡೆಯಲಾಗುತ್ತಿರಲಿಲ್ಲ.

“ಸರ್, ರಿಪೋರ್ಟ್ ನಾನೂ ಬರೀಬೇಕಂತೆ,” ಎಂದಳು. “ಎಲ್ಲಾ ಬರೀತೀನಿ. ಗಾಗಲ್ಸ್‌ದು, ಡೋರ್‌ದು, ಥಂಬ್ಸ್ ಅಪ್‌ದು.”

“ಬರಿ.”

“ಬೇಜಾರ್ ಮಾಡ್ಕೋಬೇಡಿ ಅಂತ ನಾನು ಹೇಳಲ್ಲ.”

“ಹೇಳ್ಬೇಡ.”

“ಈ ವರ್ಷಾನೂ ಹೋಯ್ತು,” ಎಂದಳು, ಅವನಿಗೋ ರಸ್ತೆಗೋ ಎಂಬಂತೆ. ಸ್ಕೂಟರೊಂದು ಬಂದು ನಿಂತಿತು. ಹೆಲ್ಮೆಟ್ ತೆಗೆದ ಗಂಡಸು, “ಏನಾಯ್ತು ಪುಟ್ಟಿ, ಕಣ್ಣು ತೋರ್ಸು,” ಎಂದು ಅವಳ ಮುಖವನ್ನು ಎರಡು ಕೈಯಲ್ಲೂ ಹಿಡಿದು ದೀಪದತ್ತ ತಿರುಗಿಸಿದ. ಇವರು ನಮ್ಮ ಸರ್ ಎಂದು ಅವಳು ಹೇಳುತ್ತಾಳೆಂದು ನಂದಕುಮಾರ ಅಂಗಿಯ ಕಾಲರ್ ಸರಿಮಾಡಿಕೊಂಡ. ಅವಳು ಹೇಳಲಿಲ್ಲ. ಹಿಂದೆ ಹತ್ತಿ ಕೂತಮೇಲೆ, “ಹೋಗ್ತೀರಾ ಸರ್, ಒಬ್ರೇ?” ಎಂದಳು.

“ಹೋಗ್ತೀನಮ್ಮ.”

ಸ್ಕೂಟರು ಹೊರಟಿತು. ಸ್ವಲ್ಪ ದೂರದಲ್ಲಿ ಅದರ ಕೆಂಪು ದೀಪ ಎಷ್ಟೋ ಕೆಂಪು ದೀಪಗಳಲ್ಲಿ ಒಂದಾಯಿತು.

ಹೆಬ್ಬಾಳದ ಬಸ್‌ಸ್ಟಾಪಿನಲ್ಲಿ ಜನ ಕಿಕ್ಕಿರಿದಿದ್ದರು. ಮೇಲ್ಸೇತುವೆಯ ಅಡಿಯಿಂದ ಬಸ್ಸುಗಳು ಒಂದರ ಹಿಂದೊಂದು ನುಗ್ಗಿ ಬರುತ್ತಿದ್ದವು, ಹಣೆಯ ಮೇಲೆ ಉರಿಯುವ ಒಂದು ಕೆಂಡದ ಪಟ್ಟಿ ಹೊತ್ತು. ಪಟ್ಟಿಯಲ್ಲಿ ಏನು ಬರೆದಿದೆಯೆಂದು ನೋಡಲು ಹೋದರೆ ಪಟ್ಟಿಯೇ ಇಲ್ಲ. ಎಲ್ಲರೂ ಕತ್ತು ಚಾಚಿ, ಓದಿ, ಓಡಿ, ಹತ್ತಿ ಹೋಗುತ್ತಿದ್ದರು. ಅವನು, ತನ್ನ ಬಸ್ಸು ಇನ್ನೂ ಬಂದಿಲ್ಲವೆಂಬ ಗತ್ತಿನಲ್ಲಿ, ಕೈಕಟ್ಟಿ ನಿಂತ. ಒಂದು ಬಸ್ಸು ಹೋಯಿತು, ಮತ್ತೊಂದು ಹೋಯಿತು. ರತ್ನಕ್ಕನಿಗೆ ಫೋನ್ ಮಾಡಿ ಬಾ ಎನ್ನಬಹುದು. ಅವಳು ಒಬ್ಬಳೇ ಹೆಬ್ಬಾಳ ದಾಟಿ ಬಂದು ಎಷ್ಟೋ ವರ್ಷವಾಯಿತು. ಅವಳಿಗೆ ಏನೆಂದು ಹೇಳುವುದು, ಎಲ್ಲಿಂದ ಶುರುಮಾಡುವುದು? ಸ್ಟಾಪು ಖಾಲಿಯಾಗಿ ಮತ್ತೆ ತುಂಬಿತು. ಇವನು ಬಂದಾಗ ಇದ್ದವರಲ್ಲಿ ಒಬ್ಬರೂ ಉಳಿದಿರಲಿಲ್ಲ. ಚಳಿ ಕಾಲಿನಿಂದ ಹತ್ತತೊಡಗಿತು. ಇನ್ನೊಂದು ಬಸ್ಸು ಬಂದು ಇವನ ಮುಂದೆಯೇ ಬಾಗಿಲು ತೆರೆಯಿತು. ಅವನು ಹೆಜ್ಜೆ ಮುಂದಿಟ್ಟು, ಬಾಗಿಲಲ್ಲಿ ನಿಂತ ಕಂಡಕ್ಟರನ ಆಕಾರದತ್ತ ಮುಖವೆತ್ತಿದ.

“ಕೋಗಿಲು ಕ್ರಾಸ್‌ಗೆ ಹೋಗುತ್ತಾ?”

“ಬೋರ್ಡ್ ನೋಡ್ರೀ ಸಾರ್, ಅಷ್ಟ್ ದೊಡ್ಡದಾಗಿ ಬರ್ತೈತೆ.”

ಡ್ರಾಪ್ಸ್ ಹಾಕಿದ್ದಾರೆ ಎಂಬುದು ನಾಲಿಗೆಯ ತುದಿಗೆ ಬಂದಿತ್ತು.

“ಕಾಣಲ್ಲಪ್ಪ ನನಗೆ,” ಎಂದ.

ಕಂಡಕ್ಟರ್ ಮೆಟ್ಟಿಲಿಗಿಳಿದು ಬಂದು ತೋಳಿನ ಕೆಳಗೆ ಕೈ ಹಾಕಿ, “ಹತ್ತಿ, ಹತ್ತಿ, ಹೋಗ್ತೈತೆ,” ಎಂದು ಮೇಲೆಳೆದುಕೊಂಡ. “ಯಾರಾದ್ರೂ ಸೀಟ್ ಕೊಡ್ರೀ ಇವರ್ಗೆ, ಕಣ್ಣು ಕಾಣಲ್ಲ!” ಯಾರೋ ಎದ್ದರು. ಹೆಂಗಸೊಬ್ಬಳು ಕಾಲ ಬಳಿಯ ಅವರೆಕಾಯಿ ಚೀಲವನ್ನು ಪಕ್ಕಕ್ಕೆಳೆದುಕೊಂಡಳು. ಕೂತ. ಕಿಟಕಿಯಾಚೆ ಏನೇನೋ ಬೆಳಕುಗಳು ಹಾದುಹೋಗುತ್ತಿದ್ದವು. ಅವನು ಅವನ್ನು ಗುರುತಿಸುವ ಪ್ರಯತ್ನ ಬಿಟ್ಟ. ಜಕ್ಕೂರು ಎಂದು ಕೂಗಿದಾಗ ಜಕ್ಕೂರೆಂದು ತಿಳಿಯಿತು, ಅಳ್ಳಾಳಸಂದ್ರ ಎಂದಾಗ ಅಳ್ಳಾಳಸಂದ್ರ. ಬಸ್ಸಿನೊಳಗೆ ಯಾರೂ ಅವನನ್ನು ಮತ್ತೆ ನೋಡುತ್ತಿರಲಿಲ್ಲ ಅಥವಾ ಎಲ್ಲರೂ ನೋಡುತ್ತಿದ್ದರು. ಎರಡೂ ಒಂದೇ ಆಗಿತ್ತು. ಕೈಗಳು ತೊಡೆಯ ಮೇಲೆ ಬೇರೆಯವರ ಸಾಮಾನಿನಂತೆ ಬಿದ್ದಿದ್ದವು.

ಬ್ರೇಕು ಕೀರಲಿಟ್ಟಿತು.

“ಕೋಗಿಲು ಕ್ರಾಸ್, ಕೋಗಿಲು ಕ್ರಾಸ್! ಕಣ್ಣು ಕಾಣ್ದೋರು ಯಾರೋ ಹತ್ತಿದ್ರಲ್ಲ, ಎಲ್ಲವ್ರೆ? ಇಳಿಸ್ರಪ್ಪಾ ಅವರ್ನ!”

ನಂದಕುಮಾರನೂ ಎಲ್ಲರಂತೆ ತಲೆ ತಿರುಗಿಸಿ, ಯಾರಿರಬಹುದು ಎಂದು ಬಸ್ಸಿನೊಳಗೆ ಒಂದು ಕ್ಷಣ ಹುಡುಕಿದ. ಯಾರೂ ಏಳಲಿಲ್ಲ. ಮುಂದಿನ ಸೀಟಿನ ಕಂಬಿಯನ್ನು ತಡಕಿ ಹಿಡಿದು ಎದ್ದು ನಿಂತು ಕೈ ಮೇಲೆತ್ತಿ, “ನಾನು,” ಎಂದ, “ನಾನಪ್ಪಾ, ಬಂದೆ.”